ಸಂತ್ಯಾಗ ನಿದ್ದಿ ಬಂದವರಿಗೆಲ್ಲ ಚಿಂತಿ ಇಲ್ಲ ಅಂತ ಅಲ್ಲ

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಈ ಗಾದೆ ನಮ್ಮ ಕಾಕಾನ ಹೆಸರಿಗೇ ಬರೆದುಕೊಟ್ಟಂತೆ ಇತ್ತು. ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಒಯ್ದರೆ, ಸವಾಲು ಕೂಗುವ ಗದ್ದಲದಾಗೂ ಚೀಲದ ಮೇಲೆ ಕುಂತಲ್ಲೇ ನಿದ್ದೆ. ಊಟದ ತಾಟಿನ ಮುಂದೆ ತೂಕಡಿಕೆ. ಲಗ್ನದ ಮನ್ಯಾಗ ಅಕ್ಕಿಕಾಳು ಬೀಳುವ ಹೊತ್ತಿಗೆ ಗೊರಕೆ. "ಇಂವಾ ಕುಂಭಕರ್ಣನ ಪೈಕಿ, ಏನೂ ಚಿಂತಿಲ್ಲ ನೋಡ್ರಿ" ಅಂತ ಮಂದಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಹೋದ ವರ್ಷ ಮೆಣಸಿನಕಾಯಿ ಸುಗ್ಗಿಯಲ್ಲಿ ಕಾಕಾ ನಸುಕಿನ ನಾಲ್ಕೂವರೆಗೆ ಟಂಟಂ ಹೊಡೆದುಕೊಂಡು ಹುಬ್ಬಳ್ಳಿ ಕಡೆ ಹೊರಟಿದ್ದ. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣ್ಣು ಮುಚ್ಚಿತು. ಗಾಡಿ ರಸ್ತೆ ಇಳಿದು ಎರಿ ಹೊಲದಲ್ಲಿ ಹೂತು ನಿಂತಿತು. ಎದುರಿಗೆ ಲಾರಿ ಬರಲಿಲ್ಲ, ಅದಕ್ಕೇ ಕಾಕಾ ಇದ್ದಾನೆ. ಆಮೇಲೆ ಕೇಳಿದರೆ, "ನಿದ್ದಿ ಬಂದದ್ದ ನನಗ ಗೊತ್ತಿಲ್ಲೋ ತಮ್ಮಾ. ರಾತ್ರಿ ಎಂಟಕ್ಕ ಮಲಗಿದ್ದೆ, ಎಂಟು ತಾಸು ನಿದ್ದಿ ಆಗಿತ್ತು" ಎಂದ.

ಎಂಟು ತಾಸು ಮಲಗಿದವನಿಗೆ ಮತ್ತೆ ನಿದ್ದೆ ಯಾಕೆ ಬರಬೇಕು? ಈ ಪ್ರಶ್ನೆ ನನ್ನ ತಲೆಯಲ್ಲಿ ಕುಂತಿತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿ, ವಿಜ್ಞಾನದ ಗುರುಗಳನ್ನು ಕಾಡಿ ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕಾಕಾನ ಸುದ್ದಿಯನ್ನು ಅವನನ್ನು ಕೇಳಿಯೇ ಬರೆದಿದ್ದೇನೆ, "ಬರಿ, ನಾಕ ಮಂದಿಗೆ ತಿಳೀಲಿ" ಅಂದಾನ.

ಶಿವರಾತ್ರಿ ಕಲಿಸುವ ಪಾಠ

ನಿದ್ದೆ ಹೇಗೆ ಬರುತ್ತದೆ ಎಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ಶಿವರಾತ್ರಿ ಜಾಗರಣೆ ಸಾಕು. ನೆನಪು ಮಾಡಿಕೊಳ್ಳಿರಿ. ರಾತ್ರಿ ಹನ್ನೊಂದರ ತನಕ ಭಜನಿ ಜೋರು. ಒಂದು ಗಂಟೆಗೆ ಆಕಳಿಕೆ. ಮೂರರಿಂದ ಐದರ ನಡುವೆ ದಮಡಿ ಬಾರಿಸುವವನ ಕೈಯೇ ನಿಲ್ಲುತ್ತದೆ, ಚಳಿ ಬೇರೆ ಹತ್ತುತ್ತದೆ. ಆದರೆ ಮುಂಜಾನೆ ಏಳಕ್ಕೆ? ಒಂದು ನಿಮಿಷವೂ ಮಲಗಿಲ್ಲ, ಆದರೂ ಮೂರು ಗಂಟೆಗಿಂತ ಹಗುರ ಅನಿಸುತ್ತದೆ. ನಿದ್ದೆ ಬರೀ ದಣಿವಿನಿಂದ ಬರುವುದಾಗಿದ್ದರೆ ಏಳಕ್ಕೆ ಇನ್ನೂ ಹೆಚ್ಚು ಬರಬೇಕಿತ್ತು. ಬರಲಿಲ್ಲ ಎಂದರೆ ನಮ್ಮೊಳಗೆ ಎರಡು ಬೇರೆ ಬೇರೆ ಲೆಕ್ಕ ನಡೆದಿವೆ ಎಂದಾಯಿತು.

ಮೊದಲನೆಯದು ಸಾಲದ ಲೆಕ್ಕ. ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ಹೆಚ್ಚಾದಷ್ಟು ನಿದ್ದೆಯ ಒತ್ತಡ ಹೆಚ್ಚು. ಮಲಗಿದಾಗ ಅದು ಇಳಿಯುತ್ತದೆ. ಚಹಾ, ಕಾಫಿಯಲ್ಲಿರುವ ಕೆಫೀನು ಈ ಅಡಿನೋಸಿನ್ ಕೂಡುವ ಜಾಗದಲ್ಲಿ ತಾನು ಹೋಗಿ ಕೂಡುತ್ತದೆ. ಆದ್ದರಿಂದ ಚಹಾ ಕುಡಿದರೆ ನಿದ್ದೆಯ ಸಾಲ ತೀರುವುದಿಲ್ಲ. ಸಾಲ ಕೊಟ್ಟವ ಬಾಗಿಲಿಗೆ ಬಂದಾಗ "ಅಪ್ಪ ಮನ್ಯಾಗಿಲ್ರಿ" ಅಂತ ಹೇಳಿ ಕಳಿಸಿದಂಗ, ಅಷ್ಟ. ಅವ ಮತ್ತ ಬರ್ತಾನ. ಕುಡಿದ ಕೆಫೀನಿನಲ್ಲಿ ಅರ್ಧ ಹೋಗಲು ಸುಮಾರು 5–6 ತಾಸು ಬೇಕು. ಸಂಜೆ ಆರರ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ.

ಎರಡನೆಯದು ಗಡಿಯಾರದ ಲೆಕ್ಕ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮೆದುಳಿನ ಒಳಗೆ, ಅಕ್ಕಿ ಕಾಳಿಗಿಂತ ಸಣ್ಣ ಭಾಗವೊಂದಿದೆ. ಅದೇ ದೇಹದ ಗಡಿಯಾರ. ಬೆಳಕು ನೋಡಿ ಅದು ವೇಳೆ ಸರಿಮಾಡಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸ ಬಿಡಲು ಹೇಳುತ್ತದೆ, ನಸುಕಿನಲ್ಲಿ ಮೈ ಬಿಸಿಯನ್ನು ತೀರಾ ಕೆಳಗಿಳಿಸುತ್ತದೆ (ಜಾಗರಣೆಯ ಚಳಿ ಇದೇ), ಬೆಳಗಾಗುತ್ತಲೇ ಮತ್ತೆ ಏರಿಸುತ್ತದೆ. ಕಾಕಾನ ಗಾಡಿ ರಸ್ತೆ ಇಳಿದದ್ದೂ ಇದೇ ನಸುಕಿನ ಹೊತ್ತಿನಲ್ಲಿ ಎಂಬುದನ್ನು ಗಮನಿಸಿರಿ. ಗಡಿಯಾರ ಮಲಗು ಅನ್ನುವ ಹೊತ್ತಿನಲ್ಲಿ ಗಾಡಿ ಓಡಿಸುವುದು ಎಲ್ಲರಿಗೂ ಅಪಾಯವೇ.

ಈ ಗಡಿಯಾರ ನಮಗೊಬ್ಬರಿಗೇ ಇಲ್ಲ. ಸಂಜೆ ಹುಣಸಿ ಗಿಡದ ಎಲೆ ನೋಡಿರಿ, ಜೋಡಿ ಜೋಡಿಯಾಗಿ ಮಡಚಿಕೊಂಡಿರುತ್ತವೆ. ಅಲೆಕ್ಸಾಂಡರನ ದಂಡಿನ ಜೊತೆಗಿದ್ದ ಆಂಡ್ರೋಸ್ಥಿನೀಸ್ ಎಂಬವನು ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದಾನೆ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಎಂಬವನು ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಹಗಲು ಹೊತ್ತಿಗೆ ಎಲೆ ತೆರೆಯಿತು, ರಾತ್ರಿ ಹೊತ್ತಿಗೆ ಮುಚ್ಚಿತು. ಅಂದರೆ ವೇಳೆ ಗಿಡದ ಒಳಗೇ ಇದೆ. ಈ ಗಡಿಯಾರ ಜೀವಕೋಶದಲ್ಲಿ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕದವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂತು. ಬಾಳೆಹಣ್ಣಿನ ಮೇಲೆ ಮುಕರುವ ನೊಣವೂ ದೊಡ್ಡ ಪಾಠ ಹೇಳೀತು ಎಂದು ಯಾರು ತಿಳಿದಿದ್ದರು!

ಮಲಗಿದ ಮೇಲೆ ಏನು ನಡೆಯುತ್ತದೆ

ಕಣ್ಣು ಮುಚ್ಚಿದ ಮೇಲೆ ಎಲ್ಲ ಬಂದ್ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಮೊದಲು ತೆಳು ನಿದ್ದೆ, ಆಮೇಲೆ ಆಳ ನಿದ್ದೆ, ಆಮೇಲೆ ಕನಸಿನ ನಿದ್ದೆ. ಈ ಸುತ್ತಿಗೆ ಸುಮಾರು ಒಂದೂವರೆ ತಾಸು. ರಾತ್ರಿಗೆ ಇಂಥ ನಾಲ್ಕೈದು ಸುತ್ತು. ಮೊದಲಿನ ಸುತ್ತುಗಳಲ್ಲಿ ಆಳ ನಿದ್ದೆ ಹೆಚ್ಚು, ನಮ್ಮ ವಯಸ್ಸಿನವರ ಮೈ ಬೆಳೆಸುವ ರಸ ಹೆಚ್ಚಾಗಿ ಆಗಲೇ ಹೊರಬರುತ್ತದೆ. ಬೆಳಗಿನ ಕಡೆ ಕನಸಿನ ನಿದ್ದೆ ಹೆಚ್ಚು. ಕನಸಿನ ನಿದ್ದೆಯಲ್ಲಿ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತವೆ. ಚಿಕಾಗೋದಲ್ಲಿ ಕ್ಲೈಟ್‌ಮನ್ ಎಂಬ ಗುರು, ಅಸೆರಿನ್‌ಸ್ಕಿ ಎಂಬ ಶಿಷ್ಯ ಇದನ್ನು 1953ರಲ್ಲಿ ಪ್ರಕಟಿಸಿದರು. ಶಿಷ್ಯ ಮೊದಮೊದಲು ತನ್ನ ಎಂಟು ವರ್ಷದ ಮಗನ ಕಣ್ಣಿನ ಹತ್ತಿರವೇ ತಂತಿ ಅಂಟಿಸಿ ರಾತ್ರಿಯೆಲ್ಲ ನೋಡುತ್ತ ಕುಂತಿದ್ದನಂತೆ. ನಿಮ್ಮ ತಮ್ಮ ಬೆಳಗಿನ ಜಾವ ಮಲಗಿದ್ದಾಗ ತಂತಿ ಇಲ್ಲದೆ ನೀವೂ ಇದನ್ನು ನೋಡಬಹುದು.

ಕನಸಿನ ನಿದ್ದೆಯಲ್ಲಿ ಇನ್ನೊಂದು ವಿಚಿತ್ರವಿದೆ. ಕನಸಿನಲ್ಲಿ ಓಡಿದರೆ ನಿಜವಾಗಿ ಎದ್ದು ಓಡಬಾರದಲ್ಲ, ಅದಕ್ಕೆ ಮೆದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಟ್ಟು ಕಟ್ಟಿಹಾಕುತ್ತದೆ. ಕೆಲವು ಸಲ ಎಚ್ಚರ ಮೊದಲು ಆಗುತ್ತದೆ, ಕಟ್ಟು ಬಿಚ್ಚುವುದು ತಡವಾಗುತ್ತದೆ. ಆಗ ಕಣ್ಣು ತೆರೆದಿದೆ, ಮನೆ ಕಾಣುತ್ತದೆ, ಆದರೆ ಬೆರಳು ಅಲುಗುವುದಿಲ್ಲ, ದನಿ ಹೊರಡುವುದಿಲ್ಲ, ಎದೆ ಮೇಲೆ ಯಾರೋ ಕುಂತಂತೆ ಉಸಿರು ಬಿಗಿಯುತ್ತದೆ. ಉಳಿದ ಕನಸು ಬೆರೆತು ಮೂಲೆಯಲ್ಲಿ ಕರಿ ನೆರಳೂ ಕಾಣಬಹುದು. ನಮ್ಮಲ್ಲಿ ಇದಕ್ಕೆ "ದೆವ್ವ ಎದಿ ಮ್ಯಾಲ ಕುಂತಿತ್ತು" ಅಂತಾರೆ. ನಮ್ಮ ತರಗತಿಯಲ್ಲೇ ಇಬ್ಬರಿಗೆ ಹೀಗಾಗಿದೆ, ಒಬ್ಬರಿಗೆ ತಾಯತ ಕಟ್ಟಿಸಿದ್ದಾರೆ. ತಾಯತ ಕಟ್ಟಿಕೊಂಡರೆ ಬ್ಯಾಡ ಅನ್ನುವುದಿಲ್ಲ, ಧೈರ್ಯ ಬರುತ್ತದೆ. ಆದರೆ ಇದು ದೆವ್ವ ಅಲ್ಲ, ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ, ಜೀವಕ್ಕೆ ಅಪಾಯವಿಲ್ಲ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು ಬರುತ್ತದೆ. ಹೊರಳಿ ಮಗ್ಗಲಾಗಿ ಮಲಗಿರಿ, ನಿದ್ದೆ ಪೂರ್ತಿ ಮಾಡಿರಿ.

ನಿದ್ದೆಯಲ್ಲಿ ಎದ್ದು ನಡೆಯುವುದು ಬೇರೆ. ಅದು ಕನಸಿನ ನಿದ್ದೆಯಲ್ಲಿ ಅಲ್ಲ, ರಾತ್ರಿಯ ಮೊದಲ ಭಾಗದ ಆಳ ನಿದ್ದೆಯಲ್ಲಿ ಆಗುತ್ತದೆ. ಹುಡುಗರಲ್ಲಿ ಹೆಚ್ಚು, ದೊಡ್ಡವರಾದಂತೆ ಬಹಳ ಮಂದಿಗೆ ಹೋಗುತ್ತದೆ. ಅವರನ್ನು ಜಗ್ಗಾಡಿ ಎಬ್ಬಿಸಬೇಡಿರಿ, ಮೆಲ್ಲಗೆ ಕೈಹಿಡಿದು ಹಾಸಿಗೆಗೆ ತನ್ನಿರಿ. ನಮ್ಮೂರಲ್ಲಿ ಬ್ಯಾಸಗಿಗೆ ಎಲ್ಲರೂ ಮಾಳಿಗಿ ಮೇಲೆ ಮಲಗುತ್ತೇವೆ. ಇಂಥ ಅಭ್ಯಾಸ ಇರುವವರನ್ನು ಮಾತ್ರ ಮಾಳಿಗಿ ಹತ್ತಿಸಬೇಡಿರಿ, ಕೆಳಗೇ ಮಲಗಿಸಿ ಬಾಗಿಲಿಗೆ ಅಗಳಿ ಹಾಕಿರಿ.

ಇನ್ನೊಂದು ಮಾತು, ನಗಬಾರದು. ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುವುದು ಸೊಕ್ಕಲ್ಲ, ಆಲಸ್ಯವಲ್ಲ. ಶಾಲೆಗೆ ಬರುವ ಮಕ್ಕಳಲ್ಲೂ ಕೆಲವರಿಗೆ ಇರುತ್ತದೆ, ಎಷ್ಟೋ ಮನೆಗಳಲ್ಲಿ ಅಪ್ಪನಿಗೂ ಸಣ್ಣವನಿದ್ದಾಗ ಇದ್ದದ್ದೇ. ಹೊಡೆದರೆ ಹೋಗುವುದಿಲ್ಲ. ಡಾಕ್ಟರಿಗೆ ತೋರಿಸಿದರೆ ಉಪಾಯ ಇದೆ.

ಕಾಕಾನ ಗೊರಕೆ

ಈಗ ಕಾಕಾನ ಎಂಟು ತಾಸಿಗೆ ಬರೋಣ. ಮೊದಲು ತೋರಿಸಿದ ಕಡೆ "ಅಶಕ್ತಿ" ಎಂದು ಸಲಾಯಿನ್ ಹಚ್ಚಿ, ಒಂದು ಟಾನಿಕ್ ಕೊಟ್ಟು ಕಳಿಸಿದರು. ಟಾನಿಕ್ಕಿನಿಂದ ಹಸಿವು ಹೆಚ್ಚಾಗಿ ಕಾಕಾ ಇನ್ನಷ್ಟು ದಪ್ಪಾದ. ಗೊತ್ತುಮಾಡಿದವಳು ನಮ್ಮ ಅಜ್ಜಿ. ರಾತ್ರಿ ಎಚ್ಚರ ಇರುವ ಅಜ್ಜಿ ಒಂದು ದಿನ ಅಂದಳು: "ಅವನ ಗೊರಕಿ ಒಂದ ಸವನ ಇರೂದಿಲ್ಲ. ನಡಬರ್ಕ ನಿಂತ ಬಿಡತೈತಿ. ಉಸರ ಇಲ್ಲದಂಗ ಆಗತಾನ. ನಾ ಎದ್ದು ಮೂಗಿನ ಕಡೆ ಕೈ ಹಿಡೀಬೇಕು ಅನ್ನೂದ್ರಾಗ ಕೊರ್ರ್ ಅಂತ ಬಾಯಿ ತಗದು ಮತ್ತ ಸುರು." 

ಹುಬ್ಬಳ್ಳಿಯ ದವಾಖಾನೆಯಲ್ಲಿ ಈ ಮಾತು ಹೇಳಿದ ಕೂಡಲೇ ಡಾಕ್ಟರು ಸೆಟೆದು ಕುಂತರು. ಮಲಗಿದಾಗ ಗಂಟಲಿನ ಸ್ನಾಯು ಎಲ್ಲರಿಗೂ ಸಡಿಲಾಗುತ್ತದೆ. ಕುತ್ತಿಗೆ ದಪ್ಪ ಇದ್ದವರಿಗೆ, ದವಡೆ ಹಿಂದಿದ್ದವರಿಗೆ, ಸೆರೆ ಕುಡಿದು ಮಲಗಿದವರಿಗೆ ಗಂಟಲು ಹಿಸುಕಿದಂತಾಗಿ ದಾರಿಯೇ ಮುಚ್ಚಿಬಿಡಬಹುದು. ಗಾಳಿ ಇಕ್ಕಟ್ಟಿನಲ್ಲಿ ನುಸುಳಿದರೆ ಗೊರಕೆ, ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಒಂದು ಗಳಿಗೆ ಎಬ್ಬಿಸುತ್ತದೆ, ಉಸಿರು ಎಳೆಸಿ ಮತ್ತೆ ಮಲಗಿಸುತ್ತದೆ. ಮಲಗಿದವನಿಗೆ ಇದು ನೆನಪಿರುವುದಿಲ್ಲ. ಹತ್ತು ಸೆಕೆಂಡು ಅಥವಾ ಹೆಚ್ಚು ಹೊತ್ತು ಹೀಗೆ ನಿಲ್ಲುವುದನ್ನು ಡಾಕ್ಟರು ಎಣಿಸುತ್ತಾರೆ. ದೊಡ್ಡವರಲ್ಲಿ ತಾಸಿಗೆ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ, ಮೂವತ್ತು ದಾಟಿದರೆ ಜೋರು ರೋಗ. ಇದರ ಹೆಸರು ಸ್ಲೀಪ್ ಆಪ್ನಿಯಾ. ನಮ್ಮ ಮಾತಿನಲ್ಲಿ ನಿದ್ದೆಯ ಉಸಿರುಕಟ್ಟು ಅನ್ನಬಹುದು.

ಕಾಕಾನನ್ನು ಒಂದು ರಾತ್ರಿ ಅಲ್ಲೇ ಮಲಗಿಸಿ, ತಲೆಗೆ, ಎದೆಗೆ, ಕಾಲಿಗೆ ತಂತಿ ಅಂಟಿಸಿ, ಬೆರಳಿಗೆ ಚಿಮಟಿಗೆಯಂಥದ್ದೊಂದು ಹಾಕಿ ಪರೀಕ್ಷೆ ಮಾಡಿದರು. ತಾಸಿಗೆ 41 ಸಲ ಉಸಿರು ಕಟ್ಟಿತ್ತು. ಎಂಟು ತಾಸಿಗೆ ಗುಣಿಸಿ ನೋಡಿರಿ, 328. ನಿಮ್ಮನ್ನು ಯಾರಾದರೂ ಒಂದು ರಾತ್ರಿಗೆ 328 ಸಲ ತಿವಿದು ಎಬ್ಬಿಸಿದರೆ ಮರುದಿನ ನೀವೂ ಸಂತೆಯಲ್ಲಿ ಮಲಗುತ್ತೀರಿ. ನಾವು ಕುಂಭಕರ್ಣ ಅಂದವನು ವರ್ಷಗಟ್ಟಲೆ ನಿದ್ದೆಯೇ ಮಾಡಿರಲಿಲ್ಲ! ಇದನ್ನು ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ, ಮೆದುಳಿಗೆ ಪೆಟ್ಟು ಬೀಳುವ ಭಯ ಹೆಚ್ಚುತ್ತದೆ.

ಇದಕ್ಕೆ ಮದ್ದು ಗುಳಿಗೆ ಅಲ್ಲ, ಗಾಳಿ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ಡಾಕ್ಟರು ಮೂಗಿಗೆ ಮುಚ್ಚಳ ಹಾಕಿ, ಯಂತ್ರದಿಂದ ಸಣ್ಣ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ಮಾಡಿದ ಉಪಾಯವನ್ನು ಪ್ರಕಟಿಸಿದರು. ಇದಕ್ಕೆ ಸಿಪ್ಯಾಪ್ ಅನ್ನುತ್ತಾರೆ. ಯಂತ್ರ ತುಟ್ಟಿ, ಕರೆಂಟ್ ಬೇಕು. ಅದರ ಜೊತೆಗೆ ತೂಕ ಇಳಿಸುವುದು, ಸೆರೆ ಬಿಡುವುದು, ಮಗ್ಗಲಾಗಿ ಮಲಗುವುದು. ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಟೆನಿಸ್ ಚೆಂಡು ಇಟ್ಟರೆ ಅಂಗಾತ ಹೊರಳಲು ಆಗುವುದಿಲ್ಲ, ಇದು ಕೆಲವರಿಗೆ ಸಾಕಾಗುತ್ತದೆ. ಕಾಕಾಗೆ ಸಾಕಾಗಲಿಲ್ಲ, ಚೆಂಡನ್ನು ನನ್ನ ತಮ್ಮ ಕ್ರಿಕೆಟ್ ಆಡಲು ಒಯ್ದ.

ಗೊರಕೆ ಎಲ್ಲವೂ ರೋಗವಲ್ಲ. ಗೊರಕೆ ನಡುವೆ ನಿಂತು ಉಸಿರು ಕಟ್ಟಿ ಮತ್ತೆ ಶುರುವಾದರೆ, ಮುಂಜಾನೆ ತಲೆನೋವಿದ್ದರೆ, ಹಗಲು ಕುಂತಲ್ಲೇ ನಿದ್ದೆ ಬಂದರೆ ತೋರಿಸಬೇಕು. ಮಕ್ಕಳೂ ಗಂಟಲಿನ ಗಂಟು (ಟಾನ್ಸಿಲ್) ಬಾತು ಹೀಗೆ ಗೊರಕೆ ಹೊಡೆಯುತ್ತಾರೆ. ಅವರು ತೂಕಡಿಸುವುದಕ್ಕಿಂತ ಹೆಚ್ಚು ತಂಟೆ ಮಾಡುತ್ತಾರೆ, ಪಾಠದ ಕಡೆ ಲಕ್ಷ್ಯ ಇರುವುದಿಲ್ಲ. ಗುರುಗಳು ದಯಮಾಡಿ ಇದನ್ನು ಗಮನಿಸಬೇಕು.

ನಿದ್ದೆ ಬಾರದವರು

ಕಾಕಾನದು ಒಂದು ತರಹವಾದರೆ ಅಜ್ಜಿಯದು ಇನ್ನೊಂದು. ಮಲಗುತ್ತಾಳೆ, ಬಳಿ ಸದ್ದು ಕೇಳುತ್ತಿರುತ್ತದೆ, ಅಂದರೆ ಎಚ್ಚರ ಇದ್ದಾಳೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಾದರೆ ಡಾಕ್ಟರು ಅದನ್ನು ಹಳೆಯ ನಿದ್ರಾಹೀನತೆ ಎನ್ನುತ್ತಾರೆ. ಮಳೆ ಹೋಗಿ ಸಾಲ ಉಳಿದ ವರ್ಷ ಊರಲ್ಲಿ ಎಷ್ಟು ಮನೆಯ ದೀಪ ರಾತ್ರಿ ಎರಡಕ್ಕೆ ಉರಿಯುತ್ತಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಕೆಲವು ಹೆಣ್ಣುಮಕ್ಕಳಿಗೆ ಮಲಗಿದ ಕೂಡಲೇ ಕಾಲಿನೊಳಗೆ ಇರುವಿ ಹರಿದಾಡಿದಂತಾಗುತ್ತದೆ, ಕಾಲು ಅಲುಗಿಸಿದರೇ ಸಮಾಧಾನ. ಇದಕ್ಕೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು ಒಂದು ಕಾರಣ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯಿಂದ ಒಗೆಯುವವರು (ಯಾರೆಂದು ಬರೆಯುವುದಿಲ್ಲ) ಇದನ್ನು ಓದಿರಿ.

ನಿದ್ದೆ ಬಾರದವರು ಮಾಡುವ ದೊಡ್ಡ ತಪ್ಪು ಎಂದರೆ ಹಾಸಿಗೆಯಲ್ಲೇ ಬಿದ್ದು ಹೋರಾಡುವುದು. ಆಗ ಹಾಸಿಗೆ ಕಂಡರೇ ಮನಸ್ಸಿಗೆ ಚಿಂತೆಯ ಜಾಗ ಅನಿಸಲು ಹತ್ತುತ್ತದೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕುಂತು, ಮಂದ ಬೆಳಕಿನಲ್ಲಿ ಏನಾದರೂ ಸುಮ್ಮನಿರುವ ಕೆಲಸ ಮಾಡಿ, ಕಣ್ಣು ಎಳೆದಾಗ ಹೋಗಿ ಮಲಗಬೇಕು. ರಾತ್ರಿ ಹೇಗೇ ಹೋಗಲಿ, ಮುಂಜಾನೆ ಏಳುವ ವೇಳೆ ಬದಲಾಗಬಾರದು. ಅಜ್ಜಿ ಈಗ ಎದ್ದು ಬತ್ತಿ ಹೊಸೆಯುತ್ತಾಳೆ. ಮಧ್ಯಾಹ್ನದ ಎರಡು ತಾಸಿನ ನಿದ್ದೆ ಬಿಡಿಸಿದ್ದೇವೆ, ಅದಕ್ಕೆ ನಮ್ಮ ಮೇಲೆ ಸಿಟ್ಟಿದೆ. ಔಷಧಿ ಅಂಗಡಿಯಲ್ಲಿ ಕೇಳಿ ನಿದ್ದೆ ಗುಳಿಗೆ ತಂದು ನುಂಗುವುದು ಮಾತ್ರ ಬೇಡ. ಅದರ ರೂಢಿ ಬೀಳುತ್ತದೆ, ಮುದುಕರು ರಾತ್ರಿ ಎದ್ದಾಗ ಜೋಲಿ ಹೊಡೆದು ಬಿದ್ದು ಎಲುಬು ಮುರಿದುಕೊಳ್ಳುತ್ತಾರೆ.

ನಸುಕಿನ ಮೂರಕ್ಕೇ ಎಚ್ಚರವಾಗಿ, ಊಟ ಸೇರದೆ, ಯಾರ ಜೊತೆಗೂ ಮಾತು ಬೇಡ ಅನಿಸುತ್ತಿದ್ದರೆ ಅದು ಬರೀ ನಿದ್ದೆಯ ತೊಂದರೆ ಇರಲಿಕ್ಕಿಲ್ಲ, ಮನಸ್ಸಿನ ಬೇನೆ ಇರಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ಕೆಎಂಸಿಆರ್‌ಐ ಇದೆ (ಹಿರಿಯರ ಬಾಯಲ್ಲಿ ಇನ್ನೂ ಕೆಎಂಸಿ). ಬಸ್ಸಿಗೆ ರೊಕ್ಕ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಇದು 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಇಲ್ಲ. ಧಾರವಾಡಕ್ಕೆ ಹೋದರೆ "ಹುಚ್ಚರ ದವಾಖಾನಿ" ಎಂದು ನಗುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಕಾಕಾನ ನಿದ್ದೆಗೂ ನಾವು ಹೀಗೇ ನಕ್ಕಿದ್ದೆವು.

ಎಸ್ಸೆಸ್ಸೆಲ್ಸಿಯವರಿಗೆ

ಹತ್ತನೇ ತರಗತಿಯ ಅಣ್ಣ ಅಕ್ಕಂದಿರು ಪರೀಕ್ಷೆ ಬಂತೆಂದು ರಾತ್ರಿ ಒಂದರ ತನಕ ಓದಿ ಮತ್ತೆ ನಾಲ್ಕಕ್ಕೆ ಏಳುತ್ತಿದ್ದಾರೆ. ಮನೆಯಲ್ಲಿ ಅದನ್ನೇ ಹೊಗಳುತ್ತಾರೆ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಶಬ್ದಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ಮಲಗಿದಾಗ ಹೆಚ್ಚು ನೆನಪುಳಿಯಿತು, ಅಷ್ಟೇ ಹೊತ್ತು ಎಚ್ಚರ ಇದ್ದಾಗ ಹೆಚ್ಚು ಮರೆತರು. ಆಮೇಲೆ ಇಂಥ ಪ್ರಯೋಗ ಬಹಳ ನಡೆದಿವೆ. ಹಗಲು ಕಲಿತದ್ದನ್ನು ಮೆದುಳು ನಿದ್ದೆಯಲ್ಲೇ ಜೋಡಿಸಿಡುತ್ತದೆ. ಸುಗ್ಗಿ ಮಾಡಿ ರಾಶಿಯನ್ನು ಕಣದಲ್ಲೇ ಬಿಟ್ಟು ಬಂದರೆ ಏನಾದೀತು?

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಬೀಳುತ್ತದೆ, ರಾತ್ರಿ ನಿದ್ದೆ ತಡ, ಮುಂಜಾನೆ ಏಳುವುದು ಕಷ್ಟ. "ಸೋಮಾರಿ" ಎಂದು ಬೈಯುವ ಮೊದಲು ಅವ್ವ ಅಪ್ಪ ಇದನ್ನು ತಿಳಿಯಬೇಕು. ನಸುಕಿನಲ್ಲಿ ಎದ್ದು ಓದುವುದು ಒಳ್ಳೆಯದೇ, ಅಜ್ಜನ ಕಾಲದವರು ಹಾಗೇ ಓದಿದರು. ಆದರೆ ಅಜ್ಜ ಎಂಟಕ್ಕೆ ಮಲಗುತ್ತಿದ್ದ. ನಾವು ಹನ್ನೊಂದರ ತನಕ ಕಂಬಳಿಯೊಳಗೆ ಮೊಬೈಲ್ ಒತ್ತಿ ನಾಲ್ಕಕ್ಕೆ ಎದ್ದರೆ ಅದು ಅಜ್ಜನ ಪದ್ಧತಿ ಹೇಗಾದೀತು? ಮೊಬೈಲಿನ ಬೆಳಕು ಆ ಅಕ್ಕಿ ಕಾಳಿನ ಗಡಿಯಾರಕ್ಕೆ ಇನ್ನೂ ಹಗಲು ಎಂದು ಸುಳ್ಳು ಹೇಳುತ್ತದೆ, ಮೆಲಟೋನಿನ್ ತಡವಾಗುತ್ತದೆ. ಬೆಳಕಿಗಿಂತ ಹೆಚ್ಚು ಕೆಡಿಸುವುದು "ಇನ್ನೊಂದು ನೋಡಿ ಮಲಗತೇನಿ" ಅನ್ನುವ ಆಸೆ, ಅದು ನನಗೂ ಇದೆ. ಈಗ ನಮ್ಮ ಮನೆಯಲ್ಲಿ ಒಂಬತ್ತಕ್ಕೆ ಎಲ್ಲ ಮೊಬೈಲೂ ಜೋಳದ ಡಬ್ಬಿ ಮೇಲೆ. ಅಪ್ಪನದೂ.

ಕಾಕಾಗೆ ಯಂತ್ರ ಬಂದು ಐದು ತಿಂಗಳಾಯಿತು. ಮೊದಲ ವಾರ ಮುಚ್ಚಳ ಕಿತ್ತು ಒಗೆದ, "ಆನಿ ಸೊಂಡಿ ಹಚ್ಚಿದಂಗ ಆಗೇತಿ" ಅಂದ. ಈಗ ರೂಢಿಯಾಗಿದೆ. ಕರೆಂಟ್ ಹೋದ ರಾತ್ರಿ ಮಗ್ಗಲಾಗಿ ಮಲಗುತ್ತಾನೆ, ಅಂಥ ರಾತ್ರಿಯ ಮರುದಿನ ನಸುಕಿನಲ್ಲಿ ಗಾಡಿ ಹೊರಡಿಸುವುದಿಲ್ಲ. ಹೋದ ತಿಂಗಳು ಅಮರಗೋಳದಲ್ಲಿ ಸವಾಲು ಮುಗಿಯುವ ತನಕ ಎಚ್ಚರ ಇದ್ದು, ತೂಕದಲ್ಲಿ ಎರಡು ಕಿಲೋ ಕಡಿಮೆ ಹಿಡಿದದ್ದನ್ನು ತಾನೇ ಕಂಡುಹಿಡಿದು ಜಗಳಾಡಿ ಬಂದ. ಅಜ್ಜಿಗೆ ಮಾತ್ರ ಶುರುವಿಗೆ ತೊಂದರೆಯಾಯಿತು. ಗೊರಕೆ ಕೇಳದೆ ಅಂಜಿ, ರಾತ್ರಿಗೆ ಮೂರು ಸಲ ಎದ್ದು ಅವನ ಎದೆ ಮೇಲೆ ಕೈ ಇಟ್ಟು ನೋಡುತ್ತಿದ್ದಳು.